ಹೊರಗಿನ ಫಿಟಿಂಗ್: ಇದೆ

ಜೂನ್ 16, 2022, ಗುರುವಾರ

ಬೈಕ್ ಶೋರೂಮಿನ ಸಂಗತಿಗಳನ್ನು ಇನ್ನು ಮುಂದೆ ಮನೆಯಲ್ಲೂ ಬರೆದಿಡಬೇಕೆಂದು ಈ ಪುಸ್ತಕ ತೆಗೆದಿದ್ದೇನೆ. ಕಾರಣ ಒಂದೇ. ಜುಲೈ ಇಪ್ಪತ್ತಕ್ಕೆ ಕಂಪನಿಯ ವಾರಂಟಿ ತಪಾಸಣೆ ಇದೆ. ನಮ್ಮ ಗಂಗಾವತಿ ಶಾಖೆಯಿಂದ ಹೋದ ಮೂರು ಕ್ಲೇಮುಗಳು ಈ ವರ್ಷ ವಾಪಸ್ ಬಂದಿವೆ. ಕೊಪ್ಪಳದಿಂದ ನಾನು ಕಳಿಸಿದ್ದರಲ್ಲಿ ಹನ್ನೊಂದು ವರ್ಷದಲ್ಲಿ ಒಂದೂ ಬಂದಿಲ್ಲ. ಯಾರಾದರೂ ಕೇಳಿದರೆ ತಾರೀಖಿನ ಸಮೇತ ಹೇಳಲು ಬರಬೇಕು.

ಇವತ್ತು ನಾಲ್ಕು ಗಾಡಿ. ಮೂರು ಸಣ್ಣ ಕೆಲಸ. ನಾಲ್ಕನೆಯದು ಇಟಗಿ ಕ್ರಾಸಿನಲ್ಲಿ ನಿಂತುಹೋಗಿ ಟಂಟಂ ಆಟೋದ ಮೇಲೆ ಬಂತು. ಕೊಂಡು ಎಂಟು ತಿಂಗಳು, ಓಡಿದ್ದು ಇಪ್ಪತ್ತೊಂದು ಸಾವಿರದ ನಾನ್ನೂರು ಕಿಲೋಮೀಟರ್. ಎಂಜಿನ್ ಹಿಡಿದುಕೊಂಡಿದೆ, ಕಿಕ್ ಕೆಳಗಿಳಿಯುವುದಿಲ್ಲ. ಮುಂದೆ ಹ್ಯಾಂಡಲ್ ಮೇಲೆ ಮೈಕಿನ ಹಾರ್ನ್, ಸೀಟಿನ ಪಕ್ಕ ಡಬ್ಬಿಯಲ್ಲಿ ಆಂಪ್ಲಿಫೈಯರ್, ಹಿಂದೆ ಕಬ್ಬಿಣದ ಚೌಕಟ್ಟು. ಗ್ರಾಹಕ ಯಲಬುರ್ಗಾದವನು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹಳ್ಳಿ ಹಳ್ಳಿ ತಿರುಗಿ ಹೆಂಗಸರು ಬಾಚಿ ಕೂಡಿಟ್ಟ ತಲೆಗೂದಲು ಕೊಳ್ಳುತ್ತಾನೆ. ಬದಲಿಗೆ ಸ್ಟೀಲಿನ ಪಾತ್ರೆ ಕೊಡುತ್ತಾರೆ. ಕೂದಲು ಕೊಪ್ಪಳದ ಪಕ್ಕದ ಭಾಗ್ಯನಗರದ ಗೋಡೌನಿಗೆ ಹೋಗುತ್ತದೆ.

ವಾರಂಟಿಗೆ ಬಂದ ಗಾಡಿಯ ಸುತ್ತ ಮೊದಲು ಒಂದು ಸುತ್ತು ಹಾಕುವುದು ನನ್ನ ಪದ್ಧತಿ. ಕಂಪ್ಯೂಟರಿನ ಫಾರಮ್ಮಿನಲ್ಲಿ ಗುರುತು ಹಾಕುವ ಎರಡು ಮನೆಗಳಿವೆ. ಮೊದಲನೆಯದು, ‘ಹೊರಗಿನ ಫಿಟಿಂಗ್: ಇದೆ, ಇಲ್ಲ.’ ಎರಡನೆಯದು, ‘ದೋಷಕ್ಕೆ ಅದೇ ಕಾರಣ: ಹೌದು, ಅಲ್ಲ.’ ‘ಇದೆ’ ಮತ್ತು ‘ಹೌದು’ ಎಂದು ಗುರುತು ಹಾಕಿದರೆ ಕ್ಲೇಮು ಅಲ್ಲಿಗೇ ಮುಗಿಯುತ್ತದೆ. ಗಾಡಿ ಬಿಚ್ಚುವ ಪ್ರಶ್ನೆ ಬರುವುದಿಲ್ಲ. ಐದು ನಿಮಿಷದ ಕೆಲಸ. ಎರಡಕ್ಕೂ ಗುರುತು ಹಾಕಿದೆ.

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಹೆಂಡತಿ ಮಾತಾಡಿದಳು.

“ಮೈಕ್ ಹಾಕಿಸಿದ್ರ ವಾರಂಟಿ ಹೋಗ್ತೈತಿ ಅಂತ ಗಾಡಿ ಕೊಡುವಾಗ ಯಾರರ ಹೇಳಿದ್ರೇನ್ರಿ?”

“ಪುಸ್ತಕದಾಗ ಐತ್ರಿ.”

“ಪುಸ್ತಕ ಇಂಗ್ಲೀಷಿನಾಗ ಐತಿ. ಮೈಕ್ ಮುಂದ ಐತಿ, ಕೆಟ್ಟಿದ್ದು ಎಂಜಿನ್. ಮೈಕ್ ಏನ್ ಎಂಜಿನ್ನಿನೊಳಗ ಕುಂತು ಹಾಡ್ತೈತೇನ್ರಿ ಸಾಹೇಬ್ರ?”

ಕಟ್ಟೆಯ ಮೇಲಿದ್ದ ಇಬ್ಬರು ನಕ್ಕರು. ನಿಯಮ ನನ್ನದಲ್ಲ ಎಂದು ಹೇಳಿದೆ. ಸ್ವಂತ ಖರ್ಚಿನಲ್ಲಿ ಮಾಡಿಸುವುದಾದರೆ ಹೇಳಿ, ಇಲ್ಲವಾದರೆ ಒಯ್ಯಿರಿ ಎಂದೆ. ಯೋಚನೆ ಮಾಡಿ ಹೇಳುತ್ತೇವೆಂದು ಗಾಡಿಯನ್ನು ಯಾರ್ಡಿನಲ್ಲೇ ಬಿಟ್ಟು ಹೋದರು.

ಜೂನ್ 22, ಬುಧವಾರ

ಕುಷ್ಟಗಿಯ ಹುಡುಗನೊಬ್ಬ ಹೆಡ್‌ಲೈಟಿನ ವೈರ್ ಕತ್ತರಿಸಿ ಆರು ಎಲ್‌ಇಡಿ ದೀಪ ಜೋಡಿಸಿದ್ದ. ವೈರಿಂಗ್ ಪೂರ್ತಿ ಸುಟ್ಟಿದೆ. ಕತ್ತರಿಸಿದ ಜಾಗದಿಂದಲೇ ಸುಟ್ಟಿರುವುದು ಕಣ್ಣಿಗೆ ಕಾಣುತ್ತದೆ. ತಿರಸ್ಕರಿಸಿದೆ. ಹುಡುಗ ಗ್ರಾಹಕರ ಕೋರ್ಟಿಗೆ ಹೋಗುತ್ತೇನೆಂದ. ಹೋಗು ಎಂದೆ. ಈ ಕ್ಲೇಮಿನಲ್ಲಿ ಯಾವ ಅನುಮಾನವೂ ಇಲ್ಲ.

ಹೆಡ್ ಮೆಕ್ಯಾನಿಕ್ ಅಬ್ದುಲರೌಫ ಮಧ್ಯಾಹ್ನ ಬಂದು, ಕೂದಲದವರ ಗಾಡಿ ಬಿಚ್ಚಿ ನೋಡೋಣವೇ ಎಂದು ಕೇಳಿದ. ಯಾರ ಲೆಕ್ಕದಲ್ಲಿ ಎಂದು ಕೇಳಿದೆ. ವರ್ಕ್‌ಶಾಪಿಗೆ ತಿರುಗಿ ಹೋದ.

ಜೂನ್ 29, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಅರ್ಧ ದಿನ ಕೆಲಸ. ಲಲಿತಾ ಎತ್ತುಗಳ ಪೂಜೆ ಮಾಡಿದಳು. ನಾನು ಕಾಯಿ ಒಡೆದೆ.

ಬಚ್ಚಲ ಗೋಡೆಯ ಸಂದಿಯಲ್ಲಿ ಅವಳು ಬಾಚಿದ ಕೂದಲನ್ನು ಸುತ್ತಿ ಸುತ್ತಿ ಸಿಗಿಸುತ್ತಾಳೆ. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಇವತ್ತು ಅದನ್ನು ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತ, “ನಮ್ಮಕ್ಕನ ಊರಾಗೂ ಕೂದಲದಾಕಿ ಬಂದಿಲ್ಲಂತ. ಪಂಚಮಿಗಿ ಒಂದು ಸ್ಟೀಲಿನ ಡಬರಿ ತಗೋಬೇಕು ಅಂತ ಆಕಿ ಕೂಡಿಸಿಟ್ಟಾಳ” ಎಂದಳು. ಅವಳ ಅಕ್ಕನ ಊರು ತಳಕಲ್. ನಾನು ಏನೂ ಹೇಳಲಿಲ್ಲ.

ಜುಲೈ 2, ಶನಿವಾರ

ಯಲಬುರ್ಗಾದ ಹೆಂಗಸು ಒಬ್ಬಳೇ ಬಸ್ಸಿಗೆ ಬಂದಳು. ಹೆಸರು ಬಾನುಬೀ. ಗಂಡನ ಹೆಸರು ಇಬ್ರಾಹಿಂಸಾಬ. ಗಾಡಿ ಆತನ ಹೆಸರಲ್ಲಿದೆ. ಸರ್ವಿಸ್ ಪುಸ್ತಕ ತಂದಿದ್ದಳು. ಐದು ಸರ್ವಿಸ್, ಐದೂ ಹೊತ್ತಿಗೆ ಸರಿಯಾಗಿ, ಐದಕ್ಕೂ ನನ್ನ ಸೀಲು, ನನ್ನ ಸಹಿ.

“ಆಯಿಲ್ ಬದಲಿ ಮಾಡಿಲ್ಲ ಅಂದೀರಿ ಅಂತ ತಂದೀನ್ರಿ.”

“ನಾ ಹಂಗ ಅಂದಿಲ್ಲಲ್ಲ.”

“ಇನ್ನೂ ಅಂದಿಲ್ಲ.”

ಆಮೇಲೆ ತಮ್ಮ ಕಸುಬಿನ ಒಂದು ಪದ್ಧತಿ ಹೇಳಿದಳು. ಕೂದಲು ಕೊಳ್ಳುವವರು ಊರುಗಳನ್ನು ಹಂಚಿಕೊಂಡಿರುತ್ತಾರೆ. ಇವರ ಲೈನಿನಲ್ಲಿ ಇಟಗಿ, ತಳಕಲ್, ಬಿನ್ನಾಳ, ರಾಜೂರ ಸೇರಿ ಹದಿನಾಲ್ಕು ಊರು. ಒಬ್ಬರ ಊರಿಗೆ ಇನ್ನೊಬ್ಬರು ಕಾಲಿಡುವುದಿಲ್ಲ. ಆದರೆ ಎರಡು ಅಮಾವಾಸ್ಯೆ ಊರಲ್ಲಿ ಮೈಕ್ ಕೇಳಿಸದಿದ್ದರೆ ಲೈನ್ ಬಿಟ್ಟಂತೆ. ಯಾರು ಬೇಕಾದರೂ ಹೊಗಬಹುದು. ಎಲ್ಲಿಯೂ ಬರೆದಿಟ್ಟದ್ದಲ್ಲ, ಆದರೆ ಭಾಗ್ಯನಗರದ ಗೋಡೌನಿನವರೂ ಅದನ್ನೇ ಒಪ್ಪುತ್ತಾರೆ.

“ಮಣ್ಣೆತ್ತಿನ ಅಮಾಸಿ ಹೋತು. ನಾಗರ ಅಮಾಸಿ ಇಪ್ಪತ್ತೆಂಟಕ್ಕ ಐತಿ. ಕುಕನೂರಿನ ಒಬ್ಬಾಂವ ಈಗ ಹೊಸಾ ಮೈಕ್ ಕೊಂಡು ದಾರಿ ಕಾಯಾಕತ್ಯಾನ. ಪಂಚಮಿಗಿ ಹೆಣ್ಮಕ್ಕಳು ತವರಿಗಿ ಬರುವಾಗ ವರ್ಷದ ಕೂದಲಾ ಗಂಟು ಕಟ್ಟಿ ತರ್ತಾರ್ರಿ. ನಮ್ಮ ವರ್ಷ ಅಂದ್ರ ಆ ಎಂಟು ದಿನ.”

“ಬ್ಯಾರೆ ಗಾಡಿ ತಗೊಂಡು ಹೋಗಬಹುದಲ್ಲ?”

“ಯಾರದು? ನಿಮ್ದೈತೇನ್ರಿ?”

ಅವಳು ಕೇಳಿದ್ದು ಒಂದೇ. “ಎಂಜಿನ್ ಮೈಕಿನಿಂದ ಕೆಟ್ಟೈತಿ ಅಂತ ಒಂದು ಹಾಳಿ ಮ್ಯಾಲೆ ಬರದು ಸಹಿ ಮಾಡಿ ಕೊಡ್ರಿ. ಮೈಕ್ ಕೂಡಿಸಿದ ಕುಕನೂರಿನ ರೇಡಿಯೋದವನ ಮುಂದ ಅದನ್ನ ಹಿಡೀತೀನಿ. ಅಂವ ಕಟ್ಟಿ ಕೊಡಲಿ.”

ಕೇಳಿದ್ದು ನ್ಯಾಯ. ಹಾಳೆ ತೆಗೆದುಕೊಂಡೆ. ‘ಗಾಡಿಗೆ ಮೈಕ್ ಜೋಡಿಸಿದ್ದರಿಂದ ಎಂಜಿನ್ ಕೆಟ್ಟಿದೆ’ ಎಂದು ಬರೆದೆ. ಎಂಜಿನ್ನಿನ ಯಾವ ಭಾಗ ಎಂದು ಸೇರಿಸಲು ಹೋದರೆ ಗೊತ್ತಿರಲಿಲ್ಲ. ಹರಿದೆ. ಎರಡನೆಯ ಸಲ, ‘ಗಾಡಿಗೆ ಮೈಕ್ ಜೋಡಿಸಲಾಗಿದೆ. ಎಂಜಿನ್ ಕೆಟ್ಟಿದೆ’ ಎಂದು ಬರೆದೆ. ಎರಡೂ ನಿಜ, ಆದರೆ ಅವಳು ಕೇಳಿದ್ದು ಅದಲ್ಲ. ಮೂರನೆಯ ಸಲ, ‘ಎಂಜಿನ್ ಏಕೆ ಕೆಟ್ಟಿದೆ ಎಂದು ನೋಡಿಲ್ಲ’ ಎಂದು ಬರೆದೆ. ಅದನ್ನೂ ಹರಿದೆ.

“ಹಾಳಿ ಖಾಲಿಯಾದ್ರ ಅಳಿಸಿ ಬರಿಯಾಕ ನನ್ನ ಹತ್ರ ಪಾಟಿ ಐತ್ರಿ” ಎಂದಳು.

ಬುಧವಾರ ಬರಲು ಹೇಳಿದೆ.

ಜುಲೈ 4, ಸೋಮವಾರ

ವಾರಂಟಿ ಕೈಪಿಡಿಯ ಆ ಕಲಮನ್ನು ಪೂರ್ತಿ ಓದಿದೆ. ಮೊದಲ ಅರ್ಧ ನನಗೆ ಬಾಯಿಪಾಠ: ಕಂಪನಿಯದಲ್ಲದ ಬಿಡಿಭಾಗ ಜೋಡಿಸಿದರೆ, ಗಾಡಿಯ ರೂಪ ಬದಲಿಸಿದರೆ ವಾರಂಟಿ ಅನ್ವಯಿಸುವುದಿಲ್ಲ. ಅಲ್ಪವಿರಾಮದ ನಂತರ ವಾಕ್ಯ ಮುಂದುವರಿಯುತ್ತದೆ: ಆ ಜೋಡಣೆಯಿಂದ ಉಂಟಾದ ದೋಷದ ಮಟ್ಟಿಗೆ. ಈ ಎರಡನೆಯ ಅರ್ಧಕ್ಕಾಗಿಯೇ ಕಂಪ್ಯೂಟರಿನಲ್ಲಿ ಎರಡನೆಯ ಮನೆ ಇದೆ. ಇಲ್ಲದಿದ್ದರೆ ಒಂದೇ ಸಾಕಿತ್ತು.

ಹತ್ತೂವರೆಗೆ ಅಬ್ದುಲರೌಫನಿಗೆ ಗಾಡಿ ಬಿಚ್ಚಲು ಹೇಳಿದೆ. ಯಾರ ಲೆಕ್ಕದಲ್ಲಿ ಎಂದು ಅವನು ಕೇಳಿದ. ಕೇಳುವಾಗ ಮುಖದಲ್ಲಿ ನಗು ಇರಲಿಲ್ಲ, ಆದರೂ ನನ್ನ ಮಾತನ್ನೇ ನನಗೆ ಒಪ್ಪಿಸಿದ್ದು ಗೊತ್ತಾಯಿತು. ಜಾಬ್ ಕಾರ್ಡಿನ ಮೇಲೆ ನನ್ನ ಸಹಿ ಮಾಡಿ ಕೊಟ್ಟೆ.

ಕಂಡದ್ದು ಇಷ್ಟು. ಆಯಿಲ್ ಅಳತೆಗೆ ಸರಿಯಾಗಿದೆ, ಶುದ್ಧವಾಗಿದೆ. ಆದರೆ ಮೇಲೆ ಎಂಜಿನ್ನಿನ ಹೆಡ್ಡಿನೊಳಗೆ ಒಂದು ಹನಿಯೂ ಇಲ್ಲ. ಆಯಿಲನ್ನು ಮೇಲಕ್ಕೆ ತಳ್ಳುವ ಪಂಪಿನ ಹಲ್ಲುಚಕ್ರದಲ್ಲಿ ಐದು ಹಲ್ಲು ಮುರಿದಿವೆ. ಆಯಿಲ್ ಏರದೆ ಅಲ್ಲಿ ತಿರುಗುವ ಕ್ಯಾಮ್ ಒಣಗಿ ಹಿಡಿದುಕೊಂಡಿದೆ. ಮುರಿದ ಹಲ್ಲಿನ ಬುಡದಲ್ಲಿ ಎರಕದ ಗುಳ್ಳೆಗಳು ಭೂತಗನ್ನಡಿಯಲ್ಲಿ ಕಾಣುತ್ತವೆ. ತಯಾರಿಕೆಯ ದೋಷ.

ಮೈಕಿನ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕೈಯಿಟ್ಟು ನೋಡಿದೆ. ಬ್ಯಾಟರಿಯಿಂದ ನೇರ ಡಬ್ಬಿಗೆ, ನಡುವೆ ತನ್ನದೇ ಫ್ಯೂಸು. ಕಂಪನಿಯ ಒಂದು ವೈರನ್ನೂ ಕತ್ತರಿಸಿಲ್ಲ. ಕುಕನೂರಿನ ರೇಡಿಯೋದವನ ಕೆಲಸ ನಮ್ಮ ವರ್ಕ್‌ಶಾಪಿನ ಕೆಲಸಕ್ಕಿಂತ ಅಚ್ಚುಕಟ್ಟು.

“ಇದನ್ನ ಬರೀತೀರೇನ್ರಿ?” ಎಂದ ಅಬ್ದುಲರೌಫ.

“ಬರೀಬೇಕು.”

“ಹಂಗಾರ ಮೊದಲಿನ ಟಿಕ್ ಯಾರು ಹಾಕಿದ್ರು ಅಂತ ಕೇಳ್ತಾರ್ರಿ.”

“ನನ್ನ ಹೆಸರೇ ಐತಲ್ಲ ಅದರಾಗ.”

ಜುಲೈ 5, ಮಂಗಳವಾರ

ಮಾಲೀಕರಾದ ತಿರುಮಲೇಶ ಅವರ ಮುಂದೆ ಮುರಿದ ಚಕ್ರ ಇಟ್ಟು ವಿಷಯ ಹೇಳಿದೆ. ನನಗಿಂತ ಹದಿನೈದು ವರ್ಷ ಚಿಕ್ಕವರು. ಅವರ ತಂದೆಯ ಕಾಲದಿಂದ ನಾನಿದ್ದೇನೆ. ಸಿಟ್ಟಾಗಲಿಲ್ಲ. ಚಕ್ರವನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿಸಿಕೊಂಡರು.

“ಗೋವಿಂದರಾಜ್ರ, ಇದೊಂದು ಗಾಡಿ ಆಗಿದ್ರ ನಾ ಏನೂ ಅಂತಿರ್ಲಿಲ್ಲ. ನೀವು ಹಾಕಿದ ಗುರುತು ನೀವ ತೆಗದ್ರ, ಬಿಚ್ಚಲಾರದ ಗುರುತು ಹಾಕ್ತಾರ ಅಂತ ನಾವ ಹೇಳಿಕೊಟ್ಟಂಗ. ಹದಿನೈದು ದಿನದಾಗ ತಪಾಸಣೆ ಐತಿ. ಹಿಂದಿನವು ಎಲ್ಲಾ ತೆಗಿ ಅಂತಾರ. ಅಂಥಾವು ಎಷ್ಟದಾವು?”

“ಎಣಿಸಿ ಹೇಳ್ತೀನ್ರಿ.”

“ಎಣಸಬ್ಯಾಡ್ರಿ. ಅದನ್ನ ಹೇಳಾಕತ್ತೀನಿ.”

ಕೂಲಿ ಬೇಡ, ಪಾರ್ಟಿನ ಬೆಲೆಯಷ್ಟೇ ಅವರು ಕೊಡಲಿ, ಪ್ರೀತಿಯ ಮೇಲೆ ಮಾಡಿಕೊಡೋಣ ಎಂದರು. ಕೆಟ್ಟ ಮಾತಲ್ಲ. ನಾಳೆ ಬಾನುಬೀಗೆ ಹೇಳುತ್ತೇನೆಂದೆ.

ಜುಲೈ 6, ಬುಧವಾರ

ಹೇಳಿದೆ. ಈ ಸಲ ಇಬ್ರಾಹಿಂಸಾಬನೂ ಬಂದಿದ್ದ. ಬಿಚ್ಚಿಟ್ಟ ಎಂಜಿನ್ ತೋರಿಸಿದೆ. ಮುರಿದ ಹಲ್ಲುಗಳನ್ನು ಒಂದೊಂದೇ ನೋಡಿದರು.

ಬಾನುಬೀ ಕೇಳಿದಳು, “ಇದು ಮೈಕಿನಿಂದ ಆಗಿದ್ದೇನ್ರಿ?”

“ಅಲ್ಲ.”

“ನಮ್ಮಿಂದ ಆಗಿದ್ದೇನ್ರಿ?”

“ಅಲ್ಲ.”

“ಮತ್ತ ಅರ್ಧಾ ಪ್ರೀತಿ ಮ್ಯಾಲೆ ಮಾಡಿಸ್ಕೊಂಡ್ರ, ಅರ್ಧಾ ತಪ್ಪು ನಮ್ದ ಅಂತ ಒಪ್ಪಿಕೊಂಡಂಗ ಆತಲ್ರಿ. ನಾಳಿ ಮತ್ತೊಂದು ಕೆಟ್ರ, ‘ನಿಮ್ದು ಮೈಕಿನ ಗಾಡಿ, ಹೋದ ಸಲ ಒಪ್ಪಿದ್ರಿ’ ಅಂತೀರಿ. ನೀವ ಅಂತೀರಿ. ನಿಮ್ಮನ್ನ ನೋಡೀನಲ್ಲ.”

ಇಬ್ರಾಹಿಂಸಾಬ ಅವಳ ತೋಳು ಮುಟ್ಟಿ, “ಬಿಡು, ಹಿರೇರದಾರ” ಎಂದ. ಆತನ ಬಾಯಿಂದ ನಾನು ಕೇಳಿದ ಮೊದಲ ಮಾತು.

“ಹಿರೇರ ಅಂತನ ಹೇಳಾಕತ್ತೀನಿ. ಸಣ್ಣವರಿದ್ರ ಬೈತಿದ್ದೆ.”

ನಾನು ವಿಚಾರ ಮಾಡುತ್ತೇನೆಂದೆ. ವಿಚಾರ ಮಾಡುವುದು ಏನು ಉಳಿದಿದೆ ಎಂದು ಅವಳು ಕೇಳಲಿಲ್ಲ. ಕೇಳಬಹುದಿತ್ತು.

ಜುಲೈ 8, ಶುಕ್ರವಾರ

ಎಣಿಸಿದೆ. ಕಂಪ್ಯೂಟರ್ ಪದ್ಧತಿ ಬಂದ ಎರಡು ವರ್ಷದಲ್ಲಿ, ಇಬ್ರಾಹಿಂಸಾಬನದನ್ನು ಬಿಟ್ಟು, ನಾನು ‘ಇದೆ’ ‘ಹೌದು’ ಎಂದು ಮುಗಿಸಿದ ಕ್ಲೇಮುಗಳು ನಲವತ್ತೊಂದು. ಮುಗಿಸುವ ಮೊದಲು ಬಿಚ್ಚಿ ನೋಡಿದ್ದು ಮೂರು. ಬಿಚ್ಚದೆ ಉಳಿದದ್ದು ಮೂವತ್ತೆಂಟು. ಅವುಗಳಲ್ಲಿ ಹದಿನೇಳರಲ್ಲಿ ದೀಪ, ಹಾರ್ನು, ವೈರಿಂಗಿನ ತೊಂದರೆ. ನಿರ್ಣಯ ಸರಿಯಿರುವ ಸಂಭವ ಹೆಚ್ಚು. ಇಪ್ಪತ್ತೊಂದರಲ್ಲಿ ಎಂಜಿನ್, ಗೇರ್, ಕ್ಲಚ್ಚು. ಅವುಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ.

ಹನ್ನೊಂದು ವರ್ಷ ಒಂದೂ ಕ್ಲೇಮು ವಾಪಸ್ ಬಂದಿಲ್ಲ ಎಂದು ಮೊದಲ ದಿನ ಬರೆದಿದ್ದೇನೆ. ಅದು ನಿಜ. ಅನುಮಾನವಿದ್ದದ್ದನ್ನು ಕಳಿಸಿಯೇ ಇರಲಿಲ್ಲ.

ಜುಲೈ 10, ಭಾನುವಾರ

ಬಕ್ರೀದ್. ರಜೆ. ಅಬ್ದುಲರೌಫನ ಮನೆಯಿಂದ ಶಾವಿಗೆಯ ಸುರಕುಂಬಾ ಬಂತು. ಲಲಿತಾ ಡಬ್ಬಿ ತೊಳೆದು, ಸಕ್ಕರೆ ಹಾಕಿ ತಿರುಗಿ ಕೊಟ್ಟಳು. ಡಬ್ಬಿ ತಂದವನು ಅವಳಿಗೆ ಏನೋ ಹೇಳಿರಬೇಕು.

“ಕೂದಲದಾಕಿ ಗಾಡಿ ನಿಮ್ಮ ಯಾರ್ಡಿನಾಗ ಐತೇನು?”

“ಐತಿ.”

“ಎಷ್ಟು ದಿನಾತು?”

“ಇಪ್ಪತ್ನಾಲ್ಕು.”

“ಮತ್ತ ಅವತ್ತು ನಾ ಆಕಿ ಮಾತು ತೆಗದಾಗ ಯಾಕ ಹೇಳಲಿಲ್ಲ?”

“ನೀ ಗಾಡಿ ಎಲ್ಲೈತಿ ಅಂತ ಕೇಳಿರಲಿಲ್ಲ.”

“ನಿಮಗ ಸುಳ್ಳು ಹೇಳಾಕ ಬರೂದಿಲ್ಲ, ಖರೆ. ಅದಕ್ಕ ನೀವು ಸುಮ್ಮನ ಕುಂಡ್ರೂದು ಕಲತೀರಿ” ಎಂದಳು. ಬೇಸರದಿಂದ ಹೇಳಿದ್ದಲ್ಲ. ಬೆಳ್ಳುಳ್ಳಿ ಬಿಡಿಸುತ್ತ ಹೇಳಿದಳು.

ಜುಲೈ 12, ಮಂಗಳವಾರ

ಕಳಿಸಿದೆ. ಕಂಪನಿಗೆ ಬರೆದ ಹೊಸ ವರದಿಯ ನಕಲು ಇಲ್ಲಿ ಬರೆದಿಡುತ್ತೇನೆ.

‘ಜೂನ್ 16ರಂದು ಈ ಗಾಡಿಯ ಕ್ಲೇಮನ್ನು ಹೊರಗಿನ ಫಿಟಿಂಗಿನ ಕಾರಣಕ್ಕೆ ನಾನು ಮುಗಿಸಿದ್ದೆ. ಆ ದಿನ ನಾನು ಎಂಜಿನ್ ಬಿಚ್ಚಿಸಿ ನೋಡಿರಲಿಲ್ಲ. ಜುಲೈ 4ರಂದು ಬಿಚ್ಚಿಸಿ ನೋಡಿದಾಗ ದೋಷವು ಆಯಿಲ್ ಪಂಪಿನ ಹಲ್ಲುಚಕ್ರದ್ದೆಂದೂ ಜೋಡಿಸಿದ ಮೈಕಿಗೂ ಅದಕ್ಕೂ ಸಂಬಂಧವಿಲ್ಲವೆಂದೂ ಕಂಡುಬಂದಿದೆ. ಮೊದಲಿನ ಗುರುತನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಫೋಟೋ ಹನ್ನೊಂದು ಲಗತ್ತಿಸಿದೆ.’

ಇಂಗ್ಲಿಷಿನಲ್ಲಿ ಇದು ನಾಲ್ಕು ಸಾಲಾಯಿತು. ತಿರುಮಲೇಶರಿಗೆ ಮೊದಲೇ ತಿಳಿಸಿ ಕಳಿಸಿದೆ. “ನಿಮ್ಮ ಹೆಸರಿನಾಗ ಐತಿ, ನಿಮ್ಮ ಮರ್ಜಿ” ಎಂದರು.

ಜುಲೈ 15, ಶುಕ್ರವಾರ

ಉತ್ತರ ಇಲ್ಲ. ಬಾನುಬೀ ಫೋನು. ಕೂದಲು ಕೊಳ್ಳುವ ಆ ಕುಕನೂರಿನವನು ತಳಕಲ್ಲಿನ ಹೊರಗೆ ಚಹಾದಂಗಡಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದನಂತೆ. ಊರೊಳಗೆ ಹೋಗಿಲ್ಲ.

“ನಿಯತ್ತಿನ ಮನಿಶ್ಯಾ ಅದಾನ್ರಿ. ಇಪ್ಪತ್ತೆಂಟರ ತನಕ ಕಾಯ್ತಾನ” ಎಂದಳು.

ಜುಲೈ 18, ಸೋಮವಾರ

ಉತ್ತರ ಬಂತು. ತಪಾಸಣೆಯ ದಿನವೇ ಈ ಗಾಡಿಯನ್ನೂ ನೋಡುತ್ತಾರಂತೆ. ಗ್ರಾಹಕರನ್ನು ಅವರು ನಿತ್ಯ ಹೇರುವ ಸಾಮಾನಿನ ಸಮೇತ ಕರೆಸಬೇಕು.

ಜುಲೈ 20, ಬುಧವಾರ

ಹುಬ್ಬಳ್ಳಿಯಿಂದ ಬಂದ ಅಧಿಕಾರಿಗೆ ಮೂವತ್ತೈದು ಇರಬಹುದು. ಬೂಟು ಹೊಸದು. ಮಾತು ಕಡಿಮೆ, ಕಣ್ಣು ಚುರುಕು. ಪಂಪಿನ ಚಕ್ರ ನೋಡಿದರು, ವೈರ್ ನೋಡಿದರು. ಮೈಕಿನ ವಿಷಯ ಬಿಟ್ಟರು. ಹಿಂದಿನ ಕಬ್ಬಿಣದ ಚೌಕಟ್ಟು ಹಿಡಿದುಕೊಂಡರು.

“ಇದು ಓವರ್‌ಲೋಡ್ ಕೇಸು. ಎಂಜಿನ್ ಮೇಲೆ ಭಾರ ಬಿದ್ದು ಪಂಪ್ ಹೋಗಿದೆ.”

“ಭಾರ ಎಷ್ಟು ಅಂತ ತೂಗಿಲ್ಲಲ್ರಿ” ಎಂದೆ.

ಪಕ್ಕದ ಗೊಬ್ಬರದ ಅಂಗಡಿಯ ಕಾಟಾಕ್ಕೆ ಎಲ್ಲರೂ ಹೋದೆವು. ಚೌಕಟ್ಟು ಬಿಚ್ಚಿ ಇಟ್ಟಾಗ ಏಳು ಕಿಲೋ ಎಂಟುನೂರು. ಪಾತ್ರೆಯ ಗಂಟು ಒಂಬತ್ತು ಕಿಲೋ ನಾನ್ನೂರು. ಕೂದಲಿನ ಚೀಲ ಇಟ್ಟರೆ ಕಾಟಾದ ಅಂಕಿ ನಾನ್ನೂರು ಗ್ರಾಮ್ ದಾಟಲಿಲ್ಲ. ಅಧಿಕಾರಿ ಚೀಲದ ಗಾತ್ರ ನೋಡಿ ಮತ್ತೊಮ್ಮೆ ಇಡಿಸಿದರು.

“ಹತ್ತೂರು ತಿರುಗಿದ್ರ ಅರ್ಧಾ ಕಿಲೋ ಆದ್ರ ಆತ್ರಿ” ಎಂದಳು ಬಾನುಬೀ. “ಕೂದಲಾ ಹೇರಿ ಗಾಡಿ ಮುರಿಯೂದಿದ್ರ, ತಲಿ ಮ್ಯಾಲೆ ಹೊತ್ತ ಹೆಣ್ಮಕ್ಕಳ ಕುತ್ತಿಗಿ ಮೊದಲ ಮುರಿಬೇಕಿತ್ತು.”

ಇಬ್ರಾಹಿಂಸಾಬ ಹತ್ತಿ ನಿಂತ. ಐವತ್ತೆಂಟು. ಅವಳು ಹತ್ತಲು ಒಪ್ಪಲಿಲ್ಲ. “ಇಷ್ಟು ಗಂಡಸರ ಮುಂದ ನನ್ನನ್ನ ಗೊಬ್ಬರದ ಚೀಲದಂಗ ತೂಗ್ತೀರೇನ್ರಿ?” ಎಂದಳು. ಎಲ್ಲರೂ ಬೇರೆ ಕಡೆ ನೋಡುವುದೆಂದು ತೀರ್ಮಾನವಾಯಿತು. ಅಂಕಿಯನ್ನು ನಾನೊಬ್ಬನೇ ನೋಡಿದೆ. ಒಟ್ಟು ಮೊತ್ತ ನೂರಾಮೂವತ್ತೇಳಕ್ಕೆ ಸ್ವಲ್ಪ ಕಡಿಮೆ. ಕೈಪಿಡಿಯ ಮಿತಿ ನೂರೈವತ್ತು. ಬಿಡಿ ಅಂಕಿಯನ್ನು ಅವಳ ಮಾತಿಗೆ ಬೆಲೆ ಕೊಟ್ಟು ಇಲ್ಲಿಯೂ ಬರೆಯುವುದಿಲ್ಲ.

ಒಳಗೆ ಬಂದ ಮೇಲೆ ಅಧಿಕಾರಿ ನನ್ನ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟರು. “ಅದೂ ನೀವೇ ಬರೆದದ್ದು, ಇದೂ ನೀವೇ ಬರೆದದ್ದು. ನಾನು ಯಾವುದನ್ನು ನಂಬಬೇಕು?”

“ಎರಡನೇದು ನೋಡಿ ಬರೆದದ್ದು ಸರ್.”

“ಮೊದಲನೆಯದು?”

“ಅಭ್ಯಾಸದಿಂದ ಬರೆದದ್ದು.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಈ ಅಭ್ಯಾಸದಿಂದ ಬರೆದದ್ದು ಇನ್ನೂ ಇವೆಯೇ?”

ತಿರುಮಲೇಶರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ‘ನೆನಪಿಲ್ಲ’ ಎನ್ನಬಹುದಿತ್ತು. ಆದರೆ ನೆನಪಿತ್ತು. ಪಟ್ಟಿ ಫೈಲಿನಲ್ಲೇ ಇತ್ತು. ತೆಗೆದು ಕೊಟ್ಟೆ. “ಮೂವತ್ತೆಂಟು” ಎಂದೆ.

ಅವರು ಹೋದ ಮೇಲೆ ತಿರುಮಲೇಶರು, “ಎಣಸಬ್ಯಾಡ್ರಿ ಅಂದಿದ್ನಲ್ರಿ” ಎಂದರು.

“ಅಂದಿದ್ರಿ.”

ಅಷ್ಟೇ ಮಾತು.

ಜುಲೈ 25, ಸೋಮವಾರ

ಬೆಳಿಗ್ಗೆ ಕಂಪ್ಯೂಟರ್ ನನ್ನ ಪಾಸ್‌ವರ್ಡ್ ತೆಗೆದುಕೊಳ್ಳಲಿಲ್ಲ. ಎರಡು ಸಲ ನೋಡಿಕೊಂಡು ಹೊಡೆದೆ. ಹನ್ನೊಂದು ಗಂಟೆಗೆ ಪತ್ರ ಬಂತು. ಇಬ್ರಾಹಿಂಸಾಬನ ಕ್ಲೇಮು ಮಂಜೂರು. ಪಂಪು, ಕ್ಯಾಮು, ಹೆಡ್ಡು ಹುಬ್ಬಳ್ಳಿಯಿಂದ ಬುಧವಾರದ ಬಸ್ಸಿಗೆ ಬರುತ್ತವೆ. ಅದೇ ಪತ್ರದ ಎರಡನೆಯ ಭಾಗ: ಕೊಪ್ಪಳದ ವಾರಂಟಿ ಸಹಿಯ ಅಧಿಕಾರ ಇನ್ನೊಬ್ಬರಿಗೆ. ಮೂವತ್ತೆಂಟೂ ಗಾಡಿಗಳನ್ನು ಶೋರೂಮೇ ಹುಡುಕಿ, ಬಿಚ್ಚಿಸಿ, ಮೂರು ತಿಂಗಳಲ್ಲಿ ವರದಿ ಕೊಡಬೇಕು. ಮೊದಲು ದೂರು ಕೊಟ್ಟ ತಾರೀಖಿನ ಲೆಕ್ಕದಲ್ಲಿ ವಾರಂಟಿ ನೋಡುತ್ತಾರೆ.

ತಿರುಮಲೇಶರು ಪಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. “ನೀವ ಎಣಿಸಿದ್ರಿ, ನೀವ ಹುಡುಕ್ರಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಾ ಕಡೆ ಅದಾವು. ಆಫೀಸಿನ ಸ್ಕೂಟರ್ ಒಯ್ರಿ.” ಬಾಗಿಲವರೆಗೆ ಹೋಗಿ ತಿರುಗಿ, “ಬಿಸಲಾಗ ಹೋಗಬ್ಯಾಡ್ರಿ, ಬಿ.ಪಿ. ಐತಿ ನಿಮಗ” ಎಂದರು.

ನನ್ನ ಕುರ್ಚಿಯಲ್ಲಿ ಇವತ್ತಿನಿಂದ ದೀಪಿಕಾ ಎಂಬ ಹುಡುಗಿ ಕೂರುತ್ತಾಳೆ. ಎರಡು ಮನೆಗಳ ವಿಷಯ ಅವಳಿಗೆ ವಿವರಿಸಿದೆ. ವಿವರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ನನಗೆ ಐದು ನಿಮಿಷದ ಕೆಲಸ ಅನ್ನಿಸುತ್ತಿತ್ತು.

ಜುಲೈ 28, ಗುರುವಾರ

ನಾಗರ ಅಮಾವಾಸ್ಯೆ. ಅಬ್ದುಲರೌಫ ನಿನ್ನೆ ಸಂಜೆಯೊಳಗೆ ಎಂಜಿನ್ ಕೂಡಿಸಿದ್ದ. ಇವತ್ತು ಏಳೂವರೆಗೆ ಬಂದು ಚಾಲೂ ಮಾಡಿದ. ಶಬ್ದ ಸರಿಯಿದೆ. ಗಂಡ ಹೆಂಡತಿ ಎಂಟಕ್ಕೆ ಬಂದರು. ಇಬ್ರಾಹಿಂಸಾಬ ಚೌಕಟ್ಟು ಬಿಗಿದು, ಗಂಟು ಕಟ್ಟಿ, ಮೈಕಿನ ಗುಂಡಿ ಒತ್ತಿದ. ಯಾರ್ಡಿನ ತುಂಬ ಬಾನುಬೀಯ ಧ್ವನಿ: ತಲಿಗೂದಲಾ ಕೊಡ್ರೀ, ಡಬರಿ ತಗೋರೀ, ತಾಟು ತಗೋರೀ. ಧ್ವನಿಮುದ್ರಿಕೆ ಹಾಡುತ್ತಿದ್ದಾಗ ಅವಳು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಾನು ಅವಳನ್ನು ಹಾಗೆ ನೋಡಿದ್ದು ಅದೊಂದೇ ಸಲ.

“ಸೂರ್ಯಾ ಮುಣಗೂದರೊಳಗ ಹದಿನಾಲ್ಕೂರಾಗೂ ಇದು ಕೇಳಬೇಕ್ರಿ” ಎಂದು ಹತ್ತಿ ಕೂತಳು. “ಸಾಹೇಬ್ರ, ನಿಮ್ಮನ್ನ ಕುರ್ಚಿಯಿಂದ ಎಬ್ಬಿಸಿದ್ರಂತಲ್ಲ. ನಮ್ಮಿಂದ ಆತೇನ್ರಿ?”

“ಅಲ್ಲ” ಎಂದೆ.

ಎಂಟು ನಲವತ್ತಕ್ಕೆ ಗೇಟು ದಾಟಿದರು. ಸಂಜೆ ಲಲಿತಾಳ ಅಕ್ಕ ತಳಕಲ್ಲಿನಿಂದ ಫೋನು ಮಾಡಿ ಡಬರಿ ದೊಡ್ಡದು ಸಿಕ್ಕಿತೆಂದು ಹೇಳಿದಳಂತೆ. ಯಾವ ಹೊತ್ತಿಗೆ ಬಂದಿದ್ದರು ಎಂದು ಕೇಳಿಸಿದೆ. ಮಧ್ಯಾಹ್ನ ಎರಡು.

ಆಗಸ್ಟ್ 4, ಗುರುವಾರ

ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯದು ನವಲಿಯದು. ಗವಿಸಿದ್ದಪ್ಪ ಎಂಬಾತನ ಗಾಡಿ. 2020ರ ಅಕ್ಟೋಬರಿನಲ್ಲಿ ಗೇರ್ ಬಾಕ್ಸ್ ಜಾಮ್ ಆಗಿ ಬಂದಿತ್ತು. ಮುಂದೆ ಎರಡು ಹೆಚ್ಚಿನ ದೀಪ ಇದ್ದವು. ‘ಇದೆ.’ ‘ಹೌದು.’ ನನ್ನ ಸಹಿ.

ಗಂಗಾವತಿ ದಾಟಿದ ಮೇಲೆ ರಸ್ತೆಯ ಎರಡೂ ಬದಿ ನಾಟಿ ನಡೆದಿತ್ತು. ಹನ್ನೊಂದಕ್ಕೆ ಮನೆ ಸಿಕ್ಕಿತು. ಗವಿಸಿದ್ದಪ್ಪ ಕಾಲಿನ ಕೆಸರು ತೊಳೆಯುತ್ತಿದ್ದ. ನನ್ನ ಅಂಗಿಯ ಮೇಲಿನ ಶೋರೂಮಿನ ಹೆಸರು ಓದಿದ.

“ಮತ್ತ್ಯಾಕ ಬಂದ್ರಿ? ಇದ್ದ ವಾರಂಟಿ ಅವತ್ತ ಬಂದ್ ಮಾಡಿದ್ರಿ.”

“ಅವತ್ತು ನಿಮ್ಮ ಗಾಡಿ ನೋಡಿದಾಂವ ನಾನ” ಎಂದೆ. “ದೀಪ ಹಾಕಿಸಿದ್ದಕ್ಕ ಗೇರ್ ಹೋಗೇತಿ ಅಂತ ಹೇಳಿದ್ದೆ. ನಾ ಬಿಚ್ಚಿ ನೋಡಿರಲಿಲ್ಲ.”

ಅವನು ಚೊಂಬು ಕೆಳಗಿಟ್ಟ. ನಾನು ಇನ್ನೊಮ್ಮೆ ಹೇಳಿದೆ. ಮೊದಲ ಸಲ ಹೇಳಿದ್ದಕ್ಕಿಂತ ಅದು ಸುಲಭವಾಗಿತ್ತು.

“ಹಂಪವ್ವಾ” ಎಂದು ಒಳಗೆ ಕರೆದ. “ಶೋರೂಮಿನವರು ಬಂದಾರ ನೋಡು. ಬಿಚ್ಚಿ ನೋಡಿರಲಿಲ್ಲಂತ.”

ಒಳಗಿನಿಂದ ಹೆಂಡತಿಯ ಧ್ವನಿ: “ಎರಡು ವರ್ಷ ಆದಮ್ಯಾಲೆ ಹೇಳಾಕ ಬಂದಾರೇನು? ಕುಂಡ್ರಂತ ಹೇಳು. ನೀರ ತರ್ತೀನಿ.”

ಗಾಡಿ ದನದ ಕೊಟ್ಟಿಗೆಯಲ್ಲಿತ್ತು. ಸೀಟಿನ ಮೇಲೆ ಕೋಳಿ ಕೂತಿತ್ತು. ಎರಡೂ ದೀಪಗಳು ಹಾಗೆಯೇ ಇದ್ದವು. ಕೊಪ್ಪಳಕ್ಕೆ ಒಯ್ದು ಬಿಚ್ಚಿಸಬೇಕು, ತಯಾರಿಕೆಯ ದೋಷವಾದರೆ ಕಂಪನಿ ಮಾಡಿಕೊಡುತ್ತದೆ ಎಂದು ವಿವರಿಸಿದೆ.

“ದೀಪದಿಂದನ ಹೋಗೇತಿ ಅಂತ ಬಂದ್ರ?”

“ಹಂಗಂತ ಬರೀತೀನಿ.”

“ಯಾವುದಾದ್ರೂ ಬರದು ಕೊಡ್ರಿ.” ಅವನು ಕೊಟ್ಟಿಗೆಯ ಕಂಬ ಹಿಡಿದು ನಿಂತ. “ಆ ದೀಪ ಹಾಕಿಸಿದಾಂವ ನನ್ನ ತಮ್ಮ. ನೀರು ಬಿಡಾಕ ಹೋಗುವಾಗ ಹಾವು ಕಾಣಲಿ ಅಂತ ತನ್ನ ಪಗಾರದಾಗ ಹಾಕಿಸಿದ್ದ. ನೀವು ಹಂಗ ಅಂದಮ್ಯಾಲೆ, ‘ನಿನ್ನಿಂದ ಗಾಡಿ ಹಾಳಾತು’ ಅಂತ ನಾ ಅಂದೆ. ಅಂವ ಒಂದು ಅಂದ. ಹಿತ್ತಲದಾಗ ಗೋಡಿ ಎದ್ದೈತಿ, ನೋಡ್ರಿ.”

ನೋಡಿದೆ. ಹಸಿ ಇಟ್ಟಿಗೆಯ ಗೋಡೆ, ಎದೆಮಟ್ಟ. ಗಾಡಿ ಹೊರಗೆ ತರಬೇಕಲ್ಲ ಎಂದೆ. ಗೇರಿನಲ್ಲಿ ಹಿಡಿದುಕೊಂಡಿದ್ದರಿಂದ ಹಿಂದಿನ ಗಾಲಿ ತಿರುಗುತ್ತಿರಲಿಲ್ಲ. ಅವನೂ ನಾನೂ ಎತ್ತಲು ನೋಡಿದೆವು. ನನ್ನಿಂದ ಆಗಲಿಲ್ಲ.

ಗವಿಸಿದ್ದಪ್ಪ ಕೈ ಒರೆಸಿಕೊಂಡ. ಆಮೇಲೆ ಗೋಡೆಯ ಕಡೆ ಮುಖ ಮಾಡಿ, ಯಾರ ಹೆಸರನ್ನೂ ಹಿಡಿಯದೆ, “ಗಾಡಿ ಎತ್ತಬೇಕಾಗೇತಿ” ಎಂದ.

ಆ ಕಡೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಬಹಳ ಹೊತ್ತೇನೂ ಆಗಲಿಲ್ಲ. ಲುಂಗಿ ಎತ್ತಿ ಕಟ್ಟಿದ ಒಬ್ಬಾತ ಗೋಡೆ ದಾಟಿ ಬಂದು, ನಮ್ಮಿಬ್ಬರ ಮುಖವನ್ನೂ ನೋಡದೆ, ಹಿಂದಿನ ಗಾಲಿಯ ಒಂದು ಬದಿಗೆ ಕೈ ಹಾಕಿದ. ಇನ್ನೊಂದು ಬದಿಗೆ ಅಣ್ಣ ಹಾಕಿದ. ನಾನು ಮುಂದೆ ಹ್ಯಾಂಡಲ್ ಹಿಡಿದೆ.